ಕಟ್ಟಾಯದ ಸೀಮೆಯ ಹರಟೆಯೂ ಬಾನುಲಿಯ ಸಂಭಾಷಣೆಯೂ

ರೇಡಿಯೋದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಯಂತ್ರಗಳ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ವರ್ಷದಲ್ಲಿ ಯಾವ ಊರಿನಲ್ಲಿ ಎಷ್ಟು ಶಕ್ತಿಯ ಪ್ರೇಷಕಯಂತ್ರವು ನಿಂತಿತು, ಅದರ ಧ್ವನಿಯು ಎಷ್ಟು ದೂರ ಕೇಳಿಸಿತು ಎಂಬ ಲೆಕ್ಕ ಅವರಲ್ಲಿ ದೊರೆಯುತ್ತದೆ. ಆ ಯಂತ್ರದ ಮುಂದೆ ಕುಳಿತು ಮಾತನಾಡಿದವರಾರು, ಅವರನ್ನು ಕರೆದವರಾರು, ಕರೆಯಿಲ್ಲದೆ ಹೊರಗುಳಿದವರಾರು ಎಂಬುದೂ ಚರಿತ್ರೆಯೇ ಅಲ್ಲವೆ? ಗ್ರಂಥಕರ್ತನನ್ನೋ, ಅಡಿಗೆಯಲ್ಲಿ ನುರಿತವರನ್ನೋ, ಊರಿನ ಹಿರಿಯನನ್ನೋ ಎದುರಿಗೆ ಕೂರಿಸಿಕೊಂಡು ಮಾತನಾಡಿಸುವ ಪದ್ಧತಿ ಈಗ ನಮಗೆ ಅತಿಪರಿಚಿತವಾಗಿದೆ. ಆದರೆ ಅದು ಕನ್ನಡ ಬಾನುಲಿಗೆ ಹುಟ್ಟಿನೊಡನೆ ಬಂದುದಲ್ಲ. ಅದು ಬಂದ ಬಗೆಯನ್ನು ಹಾಸನದ ತಾಲ್ಲೂಕಿನ ಕಟ್ಟಾಯದ ಸೀಮೆಯಲ್ಲಿ ನಿಂತು ನೋಡಬೇಕೆಂದು ನಮ್ಮ ಅಪೇಕ್ಷೆ.

ಕಟ್ಟಾಯವನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳುಗರು ಕೇಳಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ನಡುವಣ ಈ ಹೋಬಳಿಯಲ್ಲಿ ಪ್ರೇಷಕಯಂತ್ರದ ಗೋಪುರವೇನೂ ಎದ್ದು ಪ್ರಸಿದ್ಧವಾಗಲಿಲ್ಲ. ರಾಗಿ, ಬತ್ತ, ಆಲೂಗೆಡ್ಡೆ ಬೆಳೆಯುವ ನೆಲ ಇದು; ಹೇಮಾವತಿಯ ನೆರೆಯ ನಾಡು. ಆದರೆ ಗೊರೂರು ಎಂಬ ಗ್ರಾಮವಿರುವುದು ಈ ಹೋಬಳಿಯಲ್ಲಿಯೇ. ಕನ್ನಡ ಗದ್ಯವು ಜಗಲಿಯ ಮೇಲೆ ಕುಳಿತು ಮಾತನಾಡುವುದನ್ನು ಕಲಿತುದು ಬಹಳಮಟ್ಟಿಗೆ ಆ ಗ್ರಾಮದ ದೆಸೆಯಿಂದ. ಬಾನುಲಿಗೆ ಆ ವಿದ್ಯೆ ಕೈಗೂಡಲು ಇನ್ನೂ ಅನೇಕ ವರ್ಷಗಳು ಹಿಡಿದುವು.

ಮೊದಲು ಮೈಸೂರಿನ ಕಥೆಯನ್ನು ಹೇಳಿಬಿಡುವುದು ಒಳ್ಳೆಯದು. ಇಂಡಿಯಾ ದೇಶದಲ್ಲಿ ವ್ಯವಸ್ಥಿತವಾದ ಪ್ರಸಾರವು ೧೯೨೭ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿಯೂ, ಮರುತಿಂಗಳು ಕಲ್ಕತ್ತೆಯಲ್ಲಿಯೂ ಒಂದು ಖಾಸಗಿ ಕಂಪೆನಿಯಿಂದ ಆರಂಭವಾಯಿತು. ಆ ಕಂಪೆನಿ ೧೯೩೦ರಲ್ಲಿ ದಿವಾಳಿಯಾಯಿತು. ವ್ಯಾಪಾರಿಗಳಿಗೆ ಲಾಭ ಕಾಣಿಸದ ಈ ಕೆಲಸಕ್ಕೆ ಮೈಸೂರಿನಲ್ಲಿ ಕೈಹಾಕಿದವರು ಒಬ್ಬ ಅಧ್ಯಾಪಕರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ ‘ವಿಠಲ ವಿಹಾರ’ದಿಂದಲೇ ಪ್ರಸಾರವನ್ನು ತೊಡಗಿದರು. ಅವರ ಮೊದಲ ಯಂತ್ರಕ್ಕಿದ್ದ ಶಕ್ತಿ ನಡುಮನೆಯ ಒಂದು ವಿದ್ಯುದ್ದೀಪದ್ದಕ್ಕಿಂತ ಹೆಚ್ಚಿನದಲ್ಲ. ಮೊದಲು ಕೇಳಿಬಂದುದು ಕುವೆಂಪು ಅವರ ಕಾವ್ಯವಾಚನವೆಂದೂ, ಬಳಿಕ ಚೌಡಯ್ಯನವರ ಪಿಟೀಲು ಎಂದೂ ಮೈಸೂರಿನವರು ಹೇಳುತ್ತ ಬಂದಿದ್ದಾರೆ. ‘ಆಕಾಶವಾಣಿ’ ಎಂಬ ಹೆಸರಿನ ಕೀರ್ತಿಯನ್ನು ವಾಡಿಕೆಯಾಗಿ ನಾ. ಕಸ್ತೂರಿಯವರಿಗೆ ಸಲ್ಲಿಸುತ್ತಾರೆ. ಕೇರಳದಲ್ಲಿ ಹುಟ್ಟಿ ಕನ್ನಡವನ್ನು ಕಲಿತು, ‘ಅನರ್ಥಕೋಶ’ವನ್ನು ಬರೆದು ಕನ್ನಡಿಗರನ್ನು ನಗಿಸಿದ ಮಹನೀಯರು ಅವರು. ಈ ಹೆಸರನ್ನು ದೆಹಲಿಯವರು ತಮ್ಮ ಸಂಸ್ಥೆಗೆಲ್ಲ ಇಟ್ಟುಕೊಂಡುದು ೧೯೫೦ರ ದಶಕದಲ್ಲಿ. ಅದಕ್ಕೆ ಮುಂಚೆಯೇ, ೧೯೪೦ರ ದಶಕದ ಆದಿಭಾಗದಲ್ಲಿ, ನಿಲಯವು ಸಂಸ್ಥಾನದ ಸರಕಾರದ ಆಶ್ರಯಕ್ಕೆ ಬಂದಿತ್ತು. ೧೯೫೦ರ ಏಪ್ರಿಲ್ ೧ರಂದು ಅದು ಹೈದರಾಬಾದ್, ತಿರುವನಂತಪುರ ಮುಂತಾದ ಸಂಸ್ಥಾನದ ನಿಲಯಗಳೊಡನೆ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿಹೋಯಿತು. ೧೯೫೫ರಲ್ಲಿ ನಿಲಯವು ಬೆಂಗಳೂರಿಗೆ ಹೊರಟಿತು. ಮೈಸೂರಿಗೆ ಮತ್ತೆ ತನ್ನದೇ ನಿಲಯ ಬಂದುದು ೧೯೭೪ರಲ್ಲಿ.

ಈ ಆರಂಭದ ವರ್ಷಗಳಲ್ಲಿ ಮಾತೆಂದರೆ ಭಾಷಣವೆಂದೇ ಅರ್ಥ. ಭಾಷಣಕಾರರು ಹತ್ತು ಹದಿನೈದು ನಿಮಿಷಗಳಿಗೆ ಸರಿಹೋಗುವಂತೆ ಬರೆದು, ಬರೆದುದನ್ನು ಮುಂಚಿತವಾಗಿ ಒಪ್ಪಿಸಿ, ಗೊತ್ತಾದ ವೇಳೆಗೆ ಬಂದು ಓದಬೇಕು. ಹಾಳೆಯನ್ನು ತಿರುವುವ ಸದ್ದು ಕೇಳದಂತೆ ಎಚ್ಚರಿಕೆ ಬೇರೆ! ಇದರಲ್ಲಿ ಒಂದು ಉಪಕಾರವೂ ಆಯಿತು. ಬರೆದ ಭಾಷಣವನ್ನು ಅಚ್ಚುಹಾಕುವುದು ಸುಲಭ. ಆದುದರಿಂದಲೇ ಭಾಷಣಮಾಲೆಗಳು ಹುಟ್ಟಿದುವು, ಕೇಳಿದ ವಿಷಯವನ್ನು ಮತ್ತೊಮ್ಮೆ ಓದುವ ಅನುಕೂಲವು ನಗರದ ವಿದ್ಯಾವಂತರಿಗೆ ದೊರೆಯಿತು. ಆದರೆ ಕಾಗದದಲ್ಲಿ ಬರೆಯಲಾರದವರಿಗೆ ಆ ಕೋಣೆಯ ಬಾಗಿಲು ತಾನಾಗಿ ಮುಚ್ಚಿಹೋಯಿತೆಂಬುದನ್ನು ಆ ಕಾಲದಲ್ಲಿ ಹೆಚ್ಚು ಜನ ಗಮನಿಸಿದಂತೆ ತೋರುವುದಿಲ್ಲ.

ಇಂಗ್ಲೆಂಡಿನಲ್ಲಿಯೂ ಇದೇ ತೊಡಕಿದ್ದಿತು. ಅಲ್ಲಿಯ ಬಿ.ಬಿ.ಸಿ. ಸಂಸ್ಥೆಯ ಭಾಷಣ ವಿಭಾಗಕ್ಕೆ ೧೯೨೦ರ ದಶಕದ ಕೊನೆಯಲ್ಲಿ ಮುಖ್ಯಾಧಿಕಾರಿಯಾಗಿದ್ದ ಹಿಲ್ಡಾ ಮ್ಯಾಥೆಸನ್ ಎಂಬ ವಿದುಷಿಯು ರೇಡಿಯೋವನ್ನು ಕೇಳುವವರು ಸಭೆಯಲ್ಲ, ಮನೆಯಲ್ಲಿ ಒಲೆಯ ಬಳಿ ಕುಳಿತಿರುವ ಒಬ್ಬಿಬ್ಬರು, ಆದುದರಿಂದ ವೇದಿಕೆಯ ವಾಗ್ಮಿತೆ ಇಲ್ಲಿ ಸಲ್ಲದೆಂದು ಪಟ್ಟುಹಿಡಿದು ಹೇಳಿದಳು. ಆಕೆಯ ವಿಭಾಗದಲ್ಲಿ ಪಳಗಿದ ಲಯೊನೆಲ್ ಫೀಲ್ಡನ್ ಎಂಬಾತನೇ ೧೯೩೫ರಲ್ಲಿ ಇಂಡಿಯಾ ಸರಕಾರದ ಪ್ರಸಾರಾಧಿಕಾರಿಯಾಗಿ ಬಂದನು. ಆದರೂ ಅಲ್ಲಿ ‘ಆಡುಮಾತು’ ಎಂದುದು ಬರೆದು ತಿದ್ದಿ, ಆಡಿದಂತೆ ತೋರುವ ಹಾಗೆ ಓದಿದ ಮಾತೇ ಹೊರತು ನಿಜವಾದ ಆಡುಮಾತಲ್ಲ. ಒಲೆಯ ಬಳಿ ಕುಳಿತವರು ಕೇಳಬಹುದಾಗಿದ್ದಿತು. ಒಲೆಯನ್ನು ಹೊತ್ತಿಸಿದವರು ಮಾತನಾಡುವ ಕಾಲ ಅಲ್ಲಿಯೂ ಬೇಗ ಬರಲಿಲ್ಲ.

ಈಗ ಗೊರೂರಿಗೆ ಬರೋಣ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹುಟ್ಟಿದುದು ೧೯೦೪ರಲ್ಲಿ. ಗಾಂಧೀಜಿಯವರ ಕರೆಗೆ ಓಗೊಟ್ಟು ಓದನ್ನು ಬಿಟ್ಟು ಚಳವಳಿಗೆ ಇಳಿದ ತರುಣರಲ್ಲಿ ಅವರೊಬ್ಬರು. ಅವರ ‘ಹಳ್ಳಿಯ ಚಿತ್ರಗಳು’ ಹೊರಬಂದುದು ೧೯೩೦ರಲ್ಲಿ, ಎಂದರೆ ಮೈಸೂರಿನ ನಿಲಯ ಹುಟ್ಟುವುದಕ್ಕೆ ಐದು ವರ್ಷ ಮೊದಲು. ಆ ಗದ್ಯವನ್ನು ಗಟ್ಟಿಯಾಗಿ ಓದಿ ನೋಡಿದವರಿಗೆ ಒಂದು ಸಂಗತಿ ಗೊತ್ತಾಗುತ್ತದೆ. ಅಲ್ಲಿ ಒಬ್ಬರು ಹೇಳುತ್ತಿದ್ದರೆ ಇನ್ನೊಬ್ಬರು ಎದುರಿಗೆ ಕುಳಿತು ಕೇಳುತ್ತಿದ್ದಾರೆಂಬ ಭಾವನೆ ಎಲ್ಲಿಯೂ ತಪ್ಪುವುದಿಲ್ಲ. ಕಥೆ ನೇರವಾಗಿ ನಡೆಯದೆ ಪಕ್ಕದ ಹೊಲಕ್ಕೆ ನುಗ್ಗಿ ಮೇದು ಬರುತ್ತದೆ. ಬಂದ ಮೇಲೆ ಬಿಟ್ಟ ಜಾಗವನ್ನು ಹುಡುಕಿಕೊಳ್ಳುತ್ತದೆ. ಹಳೆಯ ಪಂಡಿತರು ಇದನ್ನು ಶೈಥಿಲ್ಯವೆನ್ನಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ಮನುಷ್ಯನು ಮನುಷ್ಯನೊಡನೆ ಮಾತನಾಡುವ ಕ್ರಮ. ಬೆಸ್ತರ ಕರಿಯನಂತಹ ಹೊಳೆಯ ಬದಿಯ ಜನರು ಆ ಪುಟಗಳಲ್ಲಿ ತಮ್ಮ ಹೆಸರಿನಿಂದಲೇ ನಿಂತಿದ್ದಾರೆ. ಅವರನ್ನು ಉದ್ಧರಿಸಬೇಕೆಂಬ ಆತುರವಾಗಲಿ, ಪ್ರದರ್ಶಿಸಬೇಕೆಂಬ ಹುರುಪಾಗಲಿ ಗ್ರಂಥಕರ್ತನಿಗಿಲ್ಲ. ಕೇಳುವ ವ್ಯವಧಾನವೊಂದಿದೆ. ಬಾನುಲಿಯ ಸಂದರ್ಶಕನಿಗೆ ಬೇಕಾದುದು ಇದೇ ಅಲ್ಲವೆ?

ಅದೇ ಗೊರೂರರು ಮುಂದೆ ಮುಪ್ಪಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಗ್ರಂಥಕ್ಕೆ ೧೯೮೦ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸಮುದ್ರಗಳನ್ನು ದಾಟಿದರೂ ಹೇಮಾವತಿಯ ದಡದ ಮಾತಿನ ವರಸೆಯನ್ನು ಅವರು ಕೈಬಿಡಲಿಲ್ಲ. ಅವರು ತೀರಿಕೊಂಡುದು ೧೯೯೧ರಲ್ಲಿ.

ಹಳ್ಳಿಯ ಮಾತು ಬಾನುಲಿಗೆ ಬರುವುದಕ್ಕೆ ಹಳ್ಳಿಗೆ ಬಾನುಲಿಯು ಬರಬೇಕಷ್ಟೆ. ಸಂಸ್ಥಾನದ ಕಾಲದಲ್ಲಿ ಒಂದು ಗ್ರಾಹಕಯಂತ್ರವನ್ನು ಇಟ್ಟುಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಅದಕ್ಕೆ ವಿದ್ಯುಚ್ಛಕ್ತಿ ಬೇಕು, ಇಲ್ಲವೆ ಭಾರವಾದ ಬ್ಯಾಟರಿ ಬೇಕು; ಮೇಲೆ ಸರಕಾರದ ಪರವಾನಗಿಯ ಹಣ. ಬೆಂಗಳೂರಿನಲ್ಲಿ ಉದ್ಯಾನಗಳಲ್ಲಿಟ್ಟ ಧ್ವನಿವರ್ಧಕಗಳ ಕೆಳಗೆ ಜನ ಸಂಜೆ ಕೂಡುತ್ತಿದ್ದರು. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಟ್ರಾನ್ಸಿಸ್ಟರ್ ಎಂಬ ಸಾಧನವನ್ನು ಕಂಡುಹಿಡಿದರು. ಅದರ ಫಲವಾಗಿ ೧೯೬೦ರ ದಶಕದಿಂದೀಚೆಗೆ ರೇಡಿಯೋ ಹೊಲದ ಬದುವಿಗೂ, ದನದ ಕೊಟ್ಟಿಗೆಗೂ ಬಂದಿತು. ಇದರ ನಡುವೆ ೧೯೫೬ರಲ್ಲಿ ಪುಣೆಯ ಸುತ್ತಿನ ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಗ್ರಾಮಸ್ಥರು ಒಟ್ಟಾಗಿ ಕುಳಿತು ಪ್ರಸಾರವನ್ನು ಕೇಳಿ, ಚರ್ಚೆಮಾಡಿ, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಕಳುಹಿಸಬೇಕು. ಮಾತು ಎರಡು ದಿಕ್ಕಿನಿಂದಲೂ ನಡೆಯಬಹುದೆಂದು ಸರಕಾರವು ಒಪ್ಪಿಕೊಂಡ ಮೊದಲ ಸಂದರ್ಭಗಳಲ್ಲಿ ಇದೊಂದು.

ಬಳಿಕ ಸ್ಥಳೀಯ ನಿಲಯಗಳ ಕಾಲ. ೧೯೮೪ರಲ್ಲಿ ನಾಗರಕೋಯಿಲಿನಲ್ಲಿ ದೇಶದ ಮೊದಲ ಸ್ಥಳೀಯ ನಿಲಯವು ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಹಾಸನಕ್ಕೂ ತನ್ನದೇ ನಿಲಯ ದೊರೆಯಿತು. ರಾಜಧಾನಿಯ ನಿಲಯಕ್ಕೂ ಜಿಲ್ಲೆಯ ನಿಲಯಕ್ಕೂ ಇರುವ ವ್ಯತ್ಯಾಸ ಕಿಲೋವಾಟಿನದು ಮಾತ್ರವಲ್ಲ. ರಾಜಧಾನಿಯವರು ಪ್ರಸಿದ್ಧರನ್ನು ಕರೆದರೆ ಸಾಕು. ಜಿಲ್ಲೆಯವರಿಗೆ ಪ್ರತಿದಿನವೂ ತುಂಬಬೇಕಾದ ಗಂಟೆಗಳಿವೆ, ಪ್ರಸಿದ್ಧರ ಪಟ್ಟಿಯಾದರೋ ಬೇಗ ಮುಗಿದುಹೋಗುತ್ತದೆ. ಮುಗಿದ ಮೇಲೆ ವಿಧಿಯಿಲ್ಲದೆ ನೆರೆಮನೆಯವರ ಕಡೆಗೆ ತಿರುಗಬೇಕು. ಈ ವಿಧಿಯಿಲ್ಲದಿರುವಿಕೆಯೇ ಸ್ಥಳೀಯ ಬಾನುಲಿಯ ಭಾಗ್ಯವೆಂದು ನಮಗೆ ತೋರುತ್ತದೆ. ಕೋಲಾರದ ಕಡೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಈ ಶತಮಾನದ ಆದಿಯಲ್ಲಿ, ಗಾಳಿಯಲ್ಲಿ ಪ್ರಸಾರಮಾಡಲು ಅಪ್ಪಣೆಯಿಲ್ಲದೆ, ತಂತಿಯ ಮೂಲಕವೇ ಹಳ್ಳಿಯ ಮಾತನ್ನು ಹಳ್ಳಿಗೆ ಮುಟ್ಟಿಸಿದರು. ವಾಯುತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿಯೇ ತೀರ್ಪಿತ್ತಿದ್ದರೂ, ಊರಿನ ಸಂಘಸಂಸ್ಥೆಗಳು ಸಮುದಾಯ ಬಾನುಲಿಯನ್ನು ನಡೆಸಬಹುದೆಂದು ಸರಕಾರ ಒಪ್ಪಿದುದು ೨೦೦೬ರಲ್ಲಿ. ಹೆಗ್ಗಡದೇವನಕೋಟೆಯ ಸೀಮೆಯ ಸರಗೂರಿನ ‘ಜನಧ್ವನಿ’ ಆ ಬಳಿಕ ಹುಟ್ಟಿದುದು.

ಅಡಿಗೆಯ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇವೆ. ಭಾಷಣಕ್ಕೂ ಸಂಭಾಷಣೆಗೂ ಇರುವ ಅಂತರವು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ರಾಗಿಯ ಮುದ್ದೆಯನ್ನು ಮಾಡುವ ಕ್ರಮವನ್ನು ಬರೆದು ಓದಿರೆಂದರೆ ಹೀಗಾಗುತ್ತದೆ: ನೀರು ಇಷ್ಟು, ಹಿಟ್ಟು ಇಷ್ಟು, ಬೇಯಿಸಿ, ತಿರುವಿ, ಉಂಡೆ ಕಟ್ಟಿರಿ. ಎರಡು ನಿಮಿಷಗಳಲ್ಲಿ ಮುಗಿಯಿತು. ಹಾಗೆ ಕೇಳಿ ಮಾಡಿದ ಮುದ್ದೆಯಲ್ಲಿ ಗಂಟುಗಳು ನಿಶ್ಚಯ. ಕಟ್ಟಾಯದ ಕಡೆಯ ಗೃಹಿಣಿಯೊಬ್ಬಳನ್ನು ಕೂರಿಸಿಕೊಂಡು ಕೇಳಿದರೆ ವಿಷಯವೇ ಬೇರೆ. ಕುದಿಯುವ ನೀರಿನ ಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದ ಮೇಲೆ ಕೂಡಲೇ ಏಕೆ ತಿರುವಬಾರದು? ಕೋಲಿನಿಂದ ನಡುವೆ ಕುಳಿ ಮಾಡುವುದೇಕೆ? ಬೆಂದಿತೆಂದು ಕಣ್ಣಿಗೆ ತಿಳಿಯುವುದೋ, ಮೂಗಿಗೆ ತಿಳಿಯುವುದೋ? ಹಳೆಯ ರಾಗಿಗೂ ಹೊಸ ರಾಗಿಗೂ ನೀರಿನ ಅಳತೆ ಒಂದೆಯೋ? ಇವಕ್ಕೆ ಆಕೆಯಲ್ಲಿ ಉತ್ತರಗಳಿವೆ, ಆದರೆ ಪ್ರಶ್ನೆ ಬರುವ ತನಕ ಅವು ಉತ್ತರಗಳೆಂದು ಆಕೆಗೇ ಗೊತ್ತಿಲ್ಲ. ‘ಹದ’ ಎಂಬ ನಮ್ಮ ಒಂದು ಮಾತಿನೊಳಗೆ ಎಷ್ಟು ತಲೆಮಾರುಗಳ ತಿಳಿವಳಿಕೆ ಅಡಗಿದೆಯೋ ಅಷ್ಟನ್ನೂ ಬಿಡಿಸಿ ತೆಗೆಯುವುದಕ್ಕೆ ಪ್ರಶ್ನೆಯೊಂದೇ ಉಪಾಯ. ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ನೀರಿನಿಂದ ಬಸ್ಸಾರು ಮಾಡುವವಳಿಗೂ, ಮದುವೆಯ ಮನೆಯಲ್ಲಿ ಸಾವಿರ ಎಲೆಗೆ ಉಪ್ಪಿನ ಅಂದಾಜನ್ನು ಕೈಯಲ್ಲಿಯೇ ಹಿಡಿಯುವ ಅಡಿಗೆಯವನಿಗೂ ಇದು ಸಲ್ಲುತ್ತದೆ. ಸಂದರ್ಶಕನು ತನ್ನ ಪಾಂಡಿತ್ಯವನ್ನು ಮೆರೆಯಿಸಲು ಹೊರಟರೆ ಕೆಲಸ ಕೆಟ್ಟಿತು. ದೀರ್ಘವಾದ ಪೀಠಿಕೆಯನ್ನು ಹಾಕಿ, ಕೊನೆಯಲ್ಲಿ ‘ಹೌದಲ್ಲವೆ?’ ಎಂದು ಕೇಳಿ, ಎದುರಿನವರಿಂದ ‘ಹೌದು’ ಎಂಬುದೊಂದನ್ನೇ ಹೊರಡಿಸುವ ಸಂದರ್ಶನಗಳನ್ನು ಕೇಳುಗರು ಸಾಕಷ್ಟು ಸಹಿಸಿದ್ದಾರೆ.

ಇನ್ನೊಂದು ಸಂಗತಿಯನ್ನು ಹೇಳದಿರಲಾಗದು. ಸಂಸ್ಥಾನದ ಕಾಲದ ಭಾಷಣಗಳು ಗಾಳಿಯಲ್ಲಿ ಹೋದುವು, ಅಚ್ಚಾದಷ್ಟು ಉಳಿದುವು. ಮುಂದೆ ಧ್ವನಿಸುರುಳಿಗಳು ಬಂದುವು. ಸುರುಳಿಗೆ ಬೆಲೆಯುಂಟು, ಆದುದರಿಂದ ಒಂದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ತುಂಬುವುದು ಜಗತ್ತಿನ ಅನೇಕ ನಿಲಯಗಳಲ್ಲಿ ವಾಡಿಕೆಯಾಯಿತು. ಅಳಿಸಬೇಕಾದುದನ್ನು ಆರಿಸುವಾಗ ಪ್ರಸಿದ್ಧರ ಧ್ವನಿಗೆ ಮನ್ನಣೆ. ಮುದ್ದೆ ಮಾಡಿದವಳ ಧ್ವನಿಗೆ ಅಷ್ಟಿಲ್ಲ. ಸಂಭಾಷಣೆಯನ್ನು ಅಚ್ಚುಹಾಕುವವರಾದರೂ ಯಾರು? ಬರೆದು ಓದಿದ ಭಾಷಣಕ್ಕೆ ಹಸ್ತಪ್ರತಿಯಿತ್ತು. ಇದಕ್ಕೆ ಅದೂ ಇಲ್ಲ.

ಕಟ್ಟಾಯದ ಸೀಮೆಗೆ ಇದು ಹತ್ತಿರದ ಮಾತು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಸಮುದ್ರಮಟ್ಟಕ್ಕೆ ೨,೯೨೨ ಅಡಿಗಳವರೆಗೆ ನೀರು ನಿಂತರೆ ಜಲಾಶಯವು ತುಂಬಿದ ಹಾಗೆ. ಆಗ ಅದರಲ್ಲಿ ಸುಮಾರು ೩೭ ಸಾವಿರ ದಶಲಕ್ಷ ಘನ ಅಡಿಗಳಷ್ಟು ನೀರಿರುತ್ತದೆ. ಕೆಳಗಿನ ಬಯಲುಗಳಿಗೆ ಅದರಿಂದ ಬೆಳೆ ಬಂದಿದೆ, ಅಲ್ಲಗಳೆಯಲಾಗದು. ಮೇಲಿನ ಹಳ್ಳಿಗಳು ನೀರಿನಡಿಗೆ ಸೇರಿದುವು. ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮತ್ತೆ ಹೊರಬರುವುದನ್ನು ನೋಡಲು ದೂರದೂರದಿಂದ ಜನ ಬಂದು ಚಿತ್ರಗಳನ್ನು ತೆಗೆದುಕೊಳ್ಳುತ್ತಾರೆ. ಹತ್ತಿರದ ಊರುಗಳ ಹಿರಿಯರನ್ನು ಮಾತನಾಡಿಸುವವರು ಅವರಲ್ಲಿ ವಿರಳ.

ನೀರು ನಿಂತಾಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಅರವತ್ತೈದನ್ನು ದಾಟಿದ್ದಾರೆ. ಯಾವ ಹೊಲದಲ್ಲಿ ಯಾವ ರಾಗಿ ಬೆಳೆಯುತ್ತಿತ್ತು, ಹೊಳೆಯ ಯಾವ ಮಡುವಿನಲ್ಲಿ ಯಾವ ಮೀನು ಸಿಕ್ಕುತ್ತಿತ್ತು, ಅದನ್ನು ಯಾವ ಸೊಪ್ಪಿನೊಡನೆ ಬೇಯಿಸುತ್ತಿದ್ದರು, ಊರನ್ನು ಬಿಟ್ಟ ದಿನ ಒಲೆಯ ಕಲ್ಲುಗಳನ್ನು ಜೊತೆಯಲ್ಲಿ ಒಯ್ದರೇ, ಅಲ್ಲಿಯೇ ಬಿಟ್ಟರೇ? ಧ್ವನಿಯನ್ನು ಹಿಡಿದಿಡುವ ಯಂತ್ರವು ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಬೇಸಗೆಯಲ್ಲಿ ಹಿನ್ನೀರು ಇಳಿದು ಹಳೆಯ ದಾರಿಗಳು ಕಾಣಿಸುವ ದಿನಗಳಲ್ಲಿ ಹೋಗಿ ಕೇಳಿದರೆ, ಹೇಳುವವರು ಕೈತೋರಿಸಿ ಹೇಳಬಲ್ಲರು.