ಎರಡನೆಯ ಅಗುಳಿ

1981ನೆಯ ಇಸವಿಯ ಜೂನ್ 5ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು, ಲಾಸ್ ಏಂಜಲೀಸ್ ನಗರದ ಐವರು ತರುಣರು, ಅದುವರೆಗೆ ಗಟ್ಟಿಮುಟ್ಟಾಗಿದ್ದವರು, ಅಪೂರ್ವವಾದೊಂದು ನ್ಯುಮೋನಿಯಾಕ್ಕೆ ತುತ್ತಾದರೆಂದೂ ಅವರಲ್ಲಿ ಇಬ್ಬರು ಆಗಲೇ ತೀರಿಕೊಂಡರೆಂದೂ ತನ್ನ ವಾರಪತ್ರಿಕೆಯಲ್ಲಿ ಪ್ರಕಟಿಸಿದಂದು, ಮುಂದೆ ಲೋಕವೆಲ್ಲ ಏಡ್ಸ್ ಎಂದು ಕರೆದ ವ್ಯಾಧಿಯ ಲಿಖಿತ ಚರಿತ್ರೆ ಆರಂಭವಾಯಿತು. ಆ ಚರಿತ್ರೆಯನ್ನು ಬರೆಯುವವರು ಮರಣಗಳ ಕಥೆಯನ್ನು, ಭೀತಿಯ ಮತ್ತು ಸಮಾಜದ ನಿರ್ದಯತೆಯ ಕಥೆಯನ್ನು, ಕೊನೆಗೆ ಔಷಧಗಳ ಕಥೆಯನ್ನು ಹೇಳುವರು, ಅದು ಹೇಳತಕ್ಕದ್ದೇ. ಆದರೆ ಅದರೊಳಗೆ ಹುದುಗಿಕೊಂಡು ಇನ್ನೊಂದು ಚರಿತ್ರೆಯೂ ಇದೆ: ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಅಗಲವುಳ್ಳ, ತಾನಾಗಿ ಚಲಿಸಲಾರದ, ಉಸಿರಾಡದ, ಉಣ್ಣದ ಒಂದು ಕಣವು ದೇಹವನ್ನು ಕಾಯುವ ಜೀವಕೋಶದೊಳಕ್ಕೇ ಹೊಗುವ ಬಗೆಯನ್ನು ಪ್ರಯೋಗಶಾಲೆಯ ಜನರು ಹದಿನೇಳು ವರ್ಷ ದುಡಿದು ಅರಿತುಕೊಂಡ ಚರಿತ್ರೆ. ಅದನ್ನು ಓದುತ್ತ ಹೋದಂತೆ ನನ್ನ ಮನಸ್ಸನ್ನು ಬಹುವಾಗಿ ಹಿಡಿದದ್ದು ಇದು: ವೈರಾಣು ಹೊಕ್ಕ ಕೋಶಗಳಿಂದ ಕಲಿತುದಕ್ಕಿಂತ, ಅದು ಹೊಗಲಾರದೆ ಹಿಂದಿರುಗಿದ ಕೋಶಗಳಿಂದಲೇ ಮನುಷ್ಯನು ಹೆಚ್ಚನ್ನು ಕಲಿತನು.

ಆ ಐವರನ್ನು ಕಂಡ ವೈದ್ಯರಲ್ಲೊಬ್ಬರಾದ ಮೈಕೇಲ್ ಗಾಟ್ಲೀಬರು ರೋಗಿಯ ರಕ್ತವನ್ನು ಪರೀಕ್ಷೆಗೆ ಒಪ್ಪಿಸಿದಾಗ ಕಂಡುಬಂದದ್ದು ಒಂದು ಅಭಾವ. ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳೆಂಬ ವರ್ಗವಿದೆಯಷ್ಟೆ. ಅದರಲ್ಲಿಯೂ, ಉಳಿದ ರಕ್ಷಕ ಕೋಶಗಳನ್ನು ಎಚ್ಚರಿಸಿ ಕೆಲಸಕ್ಕೆ ಹಚ್ಚುವ ಸಹಾಯಕ ಕೋಶಗಳು ಅಲ್ಲಿ ಹೆಚ್ಚುಕಡಮೆ ಇರಲೇ ಇಲ್ಲ. ಹೀಗೆ ಒಂದು ಬಗೆಯ ಕೋಶ ಮಾತ್ರ ಕಾಣೆಯಾಗಿದೆಯೆಂದು ಹೇಳುವ ಸಾಮರ್ಥ್ಯ ವೈದ್ಯಶಾಸ್ತ್ರಕ್ಕೆ ಬಂದದ್ದು ತೀರ ಈಚೆಗೆ. 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಒಂದೇ ಗುರುತನ್ನು ಹಿಡಿಯುವ ಶುದ್ಧ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಸಹಾಯಕ ಕೋಶದ ಮೈಮೇಲಿನ ಟಿ4 ಎಂಬ ಪ್ರೋಟೀನನ್ನು ಗುರುತಿಸುವ ಪ್ರತಿಕಾಯವು 1979ರ ಹೊತ್ತಿಗೆ ದೊರೆತಿತ್ತು. ಈ ಟಿ4 ಎಂಬುದಕ್ಕೇ ಮುಂದೆ ಸಿಡಿ4 ಎಂಬ ಹೆಸರಾಯಿತು. ವ್ಯಾಧಿ ಹತ್ತು ವರ್ಷ ಮೊದಲೇ ಬೆಳಕಿಗೆ ಬಂದಿದ್ದರೆ ವೈದ್ಯರು ರೋಗಿ ಸಾಯುವುದನ್ನು ಕಾಣುತ್ತಿದ್ದರೇ ಹೊರತು ಯಾವ ಕೋಶ ಸಾಯುತ್ತಿದೆಯೆಂಬುದನ್ನು ಕಾಣುತ್ತಿರಲಿಲ್ಲ.

ವೈರಾಣು ಕೈಗೆ ಸಿಕ್ಕಿದ್ದು ಪ್ಯಾರಿಸಿನಲ್ಲಿ. 1983ರ ಜನವರಿಯ ಮೊದಲ ವಾರದಲ್ಲಿ ರೋಗಿಯೊಬ್ಬನ ಕುತ್ತಿಗೆಯ ದುಗ್ಧಗ್ರಂಥಿಯ ಒಂದು ತುಣುಕು ಪಾಶ್ಚರ್ ಸಂಸ್ಥೆಯ ಲೂಕ್ ಮೊಂತಾನ್ಯೇರರ ಪ್ರಯೋಗಶಾಲೆಗೆ ಬಂದಿತು. ಫ್ರಾಂಸ್ವಾಸ್ ಬಾರೇ-ಸಿನೂಸಿಯವರು ಅದರಿಂದ ಬೆಳೆಸಿದ ಕೋಶಗಳ ದ್ರವವನ್ನು ಕೆಲವು ದಿನಗಳಿಗೊಮ್ಮೆ ಪರೀಕ್ಷಿಸುತ್ತ ಬಂದರು. ರೆಟ್ರೋವೈರಸ್ ಎಂಬ ಬಗೆಯ ವೈರಾಣುವಿನ ಗುರುತಾದ ಕಿಣ್ವವು ಮೆಲ್ಲಗೆ ಕಾಣಿಸಿಕೊಂಡಿತು, ಏರಿತು, ಬಳಿಕ ಇಳಿಯತೊಡಗಿತು. ಕಿಣ್ವ ಇಳಿಯಲು ಕಾರಣವೇನೆಂದು ನೋಡಿದರೆ ಪಾತ್ರೆಯಲ್ಲಿನ ಕೋಶಗಳೇ ಸಾಯುತ್ತಿದ್ದವು. ಆಗ ಅವರು ರಕ್ತನಿಧಿಯಿಂದ ಆರೋಗ್ಯವಂತ ದಾನಿಯ ರಕ್ತವನ್ನು ತರಿಸಿ ಅದರ ಬಿಳಿ ಕಣಗಳನ್ನು ಸೇರಿಸಿದರು. ಕಿಣ್ವ ಮತ್ತೆ ಏರಿತು, ಹೊಸ ಕೋಶಗಳೂ ಸತ್ತವು. ಆ ಮೇ ತಿಂಗಳಲ್ಲಿ ಲೇಖನ ಅಚ್ಚಾಯಿತು. 2008ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ವೈರಾಣು ಇದೇ ಎಂಬುದಕ್ಕೆ ಅಮೆರಿಕದ ರಾಬರ್ಟ್ ಗ್ಯಾಲೋರ ಗುಂಪು 1984ರಲ್ಲಿ ಬಲವಾದ ಸಾಕ್ಷ್ಯವನ್ನು ಒದಗಿಸಿತು. ಎರಡು ದೇಶಗಳ ನಡುವೆ ಎದ್ದ ಕೀರ್ತಿಯ ವ್ಯಾಜ್ಯಕ್ಕೆ ಇಲ್ಲಿ ಸ್ಥಳವನ್ನು ವ್ಯಯಮಾಡಲಾರೆ.

1984ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು, ಒಂದು ಪ್ಯಾರಿಸಿನಿಂದ ಕ್ಲಾಟ್ಸ್‌ಮನ್ ಮತ್ತು ಅವರ ಜೊತೆಗಾರರದು, ಇನ್ನೊಂದು ಲಂಡನ್ನಿನಿಂದ ಆಂಗಸ್ ಡಾಲ್ಗ್ಲೀಷ್ ಹಾಗೂ ರಾಬಿನ್ ವೈಸ್ ಮೊದಲಾದವರದು, ಒಟ್ಟಿಗೆ ಬಂದವು. ಲಂಡನ್ನಿನವರು ದನಕುದುರೆಗಳ ಬಾಯಲ್ಲಿ ಹುಣ್ಣು ಮಾಡುವ ಬೇರೊಂದು ವೈರಾಣುವಿಗೆ ಏಡ್ಸ್ ವೈರಾಣುವಿನ ಹೊರಕವಚವನ್ನು ತೊಡಿಸಿ, ಆ ಕವಚ ಅದನ್ನು ಯಾವ ಯಾವ ಕೋಶಗಳೊಳಕ್ಕೆ ಒಯ್ಯುತ್ತದೆಯೆಂಬುದನ್ನು ಪರೀಕ್ಷಿಸಿದರು. ಸಿಡಿ4 ಇದ್ದ ಕೋಶಗಳಿಗೆ ಒಯ್ದಿತು, ಇಲ್ಲದವಕ್ಕೆ ಒಯ್ಯಲಿಲ್ಲ. ಅಷ್ಟಕ್ಕೇ ತೃಪ್ತರಾಗದೆ, ಕೋಶದ ಮೈಮೇಲಿನ ನಾನಾ ಗುರುತುಗಳನ್ನು ಹಿಡಿಯುವ 155 ಪ್ರತಿಕಾಯಗಳನ್ನು ಒಂದೊಂದಾಗಿ ಪ್ರಯೋಗಿಸಿದರು. ಅವುಗಳಲ್ಲಿ ಸಿಡಿ4ನ್ನು ಹಿಡಿಯುವಂಥ 14 ಇದ್ದವು. ಹದಿನಾಲ್ಕೂ ಪ್ರವೇಶವನ್ನು ತಡೆದವು. ಇಷ್ಟು ನಿಚ್ಚಳವಾದ ಉತ್ತರವನ್ನು ಪ್ರಕೃತಿಯು ಪ್ರಶ್ನಿಸಿದವರಿಗೆ ಕೊಡುವುದು ಅಪರೂಪ. ವೈರಾಣು ಮೊದಲು ಕೈಯಿಡುವುದು ಸಿಡಿ4ರ ಮೇಲೆ. ಸಹಾಯಕ ಕೋಶವೇ ನಾಶವಾಗುವುದು ಅದರ ಮೈಮೇಲೆ ಸಿಡಿ4 ಇರುವುದರಿಂದ.

ಹಾಗಾದರೆ ಸಮಸ್ಯೆ ಬಗೆಹರಿಯಿತೆಂದು ಅನೇಕರು ಬಗೆದರು. ಅದನ್ನು ಕೆಡಿಸಿದ್ದು ಒಂದು ಇಲಿಯ ಕೋಶ. 1986ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಲ್ ಮ್ಯಾಡನ್ ಮತ್ತು ರಿಚರ್ಡ್ ಆ್ಯಕ್ಸೆಲ್ ಇವರು, ಲಂಡನ್ನಿನ ಮಿತ್ರರೊಡಗೂಡಿ, ಸಿಡಿ4ರ ಜೀನನ್ನು ಅದಿಲ್ಲದ ಮಾನವ ಕೋಶಗಳಲ್ಲಿ ಇಟ್ಟರು. ಅವುಗಳೊಳಕ್ಕೆ ವೈರಾಣು ಹೊಕ್ಕಿತು. ಅದೇ ಜೀನನ್ನು ಇಲಿಯ ಕೋಶದಲ್ಲಿಟ್ಟರೆ, ವೈರಾಣು ಬಂದು ಅಂಟಿಕೊಂಡಿತು, ಆದರೆ ಒಳಕ್ಕೆ ಹೋಗಲಿಲ್ಲ. ಹಳೆಯ ಮನೆಯ ಬಾಗಿಲಿಗೆ ಹೊರಗೆ ಬೀಗವೂ ಒಳಗೆ ಅಗುಳಿಯೂ ಇರುವಂತೆ, ಮಾನವ ಕೋಶದಲ್ಲಿ ಮಾತ್ರ ಇದ್ದು ಇಲಿಯ ಕೋಶದಲ್ಲಿಲ್ಲದ ಎರಡನೆಯದೊಂದು ಏನೋ ಸರಿಯದೆ ಪ್ರವೇಶವಿಲ್ಲವೆಂಬುದು ಅಂದೇ ತಿಳಿಯಿತು. ಅದು ಏನೆಂಬುದು ತಿಳಿಯಲು ಹತ್ತು ವರ್ಷ ಹಿಡಿಯಿತು. ಈ ನಡುವೆ, ಸಿಡಿ4ನ್ನೇ ಬಿಡಿಯಾಗಿ ತಯಾರಿಸಿ ರಕ್ತದಲ್ಲಿ ಹರಿಯಬಿಟ್ಟರೆ ವೈರಾಣು ಮೋಸಹೋಗಿ ಅದನ್ನೇ ಹಿಡಿದುಕೊಂಡು ಕೋಶವನ್ನು ಬಿಟ್ಟೀತೆಂಬ ಆಶೆಯಿಂದ ನಡೆದ ಚಿಕಿತ್ಸೆಯ ಪ್ರಯತ್ನಗಳು ಗಾಜಿನ ಪಾತ್ರೆಯಲ್ಲಿ ಫಲಿಸಿ ರೋಗಿಗಳಲ್ಲಿ ವಿಫಲವಾದವು. ಪ್ರಯೋಗಶಾಲೆಯಲ್ಲಿ ಬಹುಕಾಲ ಬೆಳೆಸಿದ ವೈರಾಣು ರೋಗಿಯ ಮೈಯಿಂದ ನೇರವಾಗಿ ತೆಗೆದ ವೈರಾಣುವಿಗಿಂತ ಬಹಳ ಸುಲಭವಾಗಿ ಸೋಲುತ್ತಿತ್ತು. ರೋಗಿಯನ್ನು ಬಿಟ್ಟು ಪಾತ್ರೆಯನ್ನೇ ನಂಬಿದರೆ ಆಗುವ ಅನರ್ಥಕ್ಕೆ ಇದಕ್ಕಿಂತ ನೋವಿನ ನಿದರ್ಶನ ನನಗೆ ಗೊತ್ತಿಲ್ಲ. ಏಕೆಂದರೆ ಆ ವರ್ಷಗಳಲ್ಲಿ ಕಾಯುತ್ತಿದ್ದವರಿಗೆ ಕಾಲವೇ ಇರಲಿಲ್ಲ.

ಎರಡನೆಯದನ್ನು ಕಂಡುಹಿಡಿದ ಪ್ರಯೋಗದ ಚೆಲುವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಾಷಿಂಗ್‌ಟನ್ನಿನ ಬಳಿ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಎಡ್ವರ್ಡ್ ಬರ್ಗರರು, ಯು ಫೆಂಗ್ ಮೊದಲಾದ ಸಹೋದ್ಯೋಗಿಗಳೊಡನೆ, ಆ ಸೋತ ಇಲಿಕೋಶವನ್ನೇ ಸಾಧನವನ್ನಾಗಿ ಮಾಡಿಕೊಂಡರು. ಸಿಡಿ4 ಉಳ್ಳ ಇಲಿಕೋಶಗಳಿಗೆ ಮಾನವ ಕೋಶದ ಜೀನುಗಳ ದೊಡ್ಡ ಸಂಗ್ರಹವೊಂದನ್ನು ಹಂಚಿ, ವೈರಾಣುವಿನ ಕವಚವನ್ನು ಮೈಮೇಲೆ ತಳೆದ ಬೇರೆ ಕೋಶಗಳೊಡನೆ ಅವನ್ನು ಬೆರೆಸಿದರು. ಎರಡೂ ಪೊರೆಗಳು ಕೂಡಿ ಒಂದಾದ ಕಡೆ ಮಾತ್ರ ನೀಲಿಬಣ್ಣ ಹುಟ್ಟುವಂತೆ ಮೊದಲೇ ಏರ್ಪಾಡು ಮಾಡಿದ್ದರು. ನೀಲಿ ತೋರಿದ ಪಾಲನ್ನು ಮತ್ತೆ ಚಿಕ್ಕ ಪಾಲುಗಳನ್ನಾಗಿ ಒಡೆದು, ಅವುಗಳಲ್ಲಿ ನೀಲಿ ತೋರಿದ್ದನ್ನು ಮತ್ತೆ ಒಡೆಯುತ್ತ ಹೋಗಿ ಕಡೆಗೆ ಒಂದೇ ಜೀನಿಗೆ ಬಂದು ನಿಂತರು. ಕೋಶದ ಪೊರೆಯನ್ನು ಏಳು ಸಲ ಹೊಕ್ಕು ಹೊರಬೀಳುವ ಒಂದು ಪ್ರೋಟೀನು ಅದು. ಕೂಡಿಸುವುದರಿಂದ ಅದನ್ನು ಅವರು ಫ್ಯೂಸಿನ್ ಎಂದರು, ಈಗಿನ ಹೆಸರು ಸಿಎಕ್ಸ್‌ಸಿಆರ್4. ಲೇಖನ 1996ರ ಮೇ ತಿಂಗಳಲ್ಲಿ ಬಂದಿತು. ಆ ಜೀನುಗಳ ಸಂಗ್ರಹ ಬಂದದ್ದು ಹೀಲಾ ಕೋಶಗಳಿಂದ. ಎಂದರೆ, 1951ರಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ತಾಯಿಯಿಂದ, ಆಕೆಯನ್ನು ಕೇಳದೆ ತೆಗೆದುಕೊಂಡ ಗಡ್ಡೆಯ ಕೋಶಗಳಿಂದ. ಆ ಋಣವನ್ನು ಹೇಳದೆ ಈ ಚರಿತ್ರೆಯನ್ನು ಮುಂದುವರಿಸುವುದು ನನಗೆ ಯುಕ್ತವೆನಿಸದು.

ಆದರೆ ಫ್ಯೂಸಿನ್ ಬಳಸುತ್ತಿದ್ದುದು ಪ್ರಯೋಗಶಾಲೆಯಲ್ಲಿ ಪಳಗಿದ ವೈರಾಣುಗಳು. ಒಬ್ಬನಿಂದ ಒಬ್ಬನಿಗೆ ಹರಡಿ ಮೊದಲು ನೆಲೆಗೊಳ್ಳುವ ವೈರಾಣುಗಳಿಗೆ ಬೇರೊಂದು ಬೇಕಾಗಿತ್ತು. ಅದರ ಸುಳಿವು ಬೇರೆ ದಿಕ್ಕಿನಿಂದ ಬಂದಿತು. ಸಿಡಿ8 ಎಂಬ ಇನ್ನೊಂದು ಬಗೆಯ ಟಿ ಕೋಶಗಳು ವೈರಾಣುವಿನ ಬೆಳವಣಿಗೆಯನ್ನು ಅಡಗಿಸುತ್ತವೆಂದು ಸ್ಯಾನ್ ಫ್ರಾನ್ಸಿಸ್ಕೋದ ಜೇ ಲೆವಿಯವರು 1986ರಲ್ಲೇ ತೋರಿಸಿದ್ದರು. ಆ ಕೋಶಗಳು ಸುರಿಸುವ ಮೂರು ಚಿಕ್ಕ ಪ್ರೋಟೀನುಗಳಿಗೆ ಈ ಶಕ್ತಿಯಿದೆಯೆಂದು 1995ರ ಕೊನೆಯಲ್ಲಿ ಗ್ಯಾಲೋ, ಪಾವ್ಲೋ ಲುಸ್ಸೊ ಮೊದಲಾದವರು ಪ್ರಕಟಿಸಿದರು. ಇವು ಉರಿಯೂತವಿದ್ದ ಕಡೆಗೆ ರಕ್ತಕಣಗಳನ್ನು ಕರೆಯುವ ಕೀಮೋಕೈನುಗಳೆಂಬ ಸಂದೇಶವಾಹಕಗಳು. ಈ ಮೂರನ್ನೂ ಸ್ವೀಕರಿಸುವ ಗ್ರಾಹಕವೊಂದನ್ನು ಬ್ರಸೆಲ್ಸಿನ ಮಾರ್ಕ್ ಪಾರ್ಮೆಂತಿಯೇ ಅವರ ಗುಂಪು 1996ರಲ್ಲಿ ಆಗಷ್ಟೇ ವರ್ಣಿಸಿತ್ತು. ಫ್ಯೂಸಿನ್ ಕೂಡ ಅದೇ ಮನೆತನದ್ದು. ಎರಡನ್ನೂ ಜೋಡಿಸಿ ನೋಡುವುದಕ್ಕೆ ಯಾರಿಗೂ ತಡವಾಗಲಿಲ್ಲ: ಆ ಜೂನ್ ತಿಂಗಳಲ್ಲಿ ಐದು ಬೇರೆಬೇರೆ ಗುಂಪುಗಳು, ಕೆಲವೇ ದಿನಗಳ ಅಂತರದಲ್ಲಿ, ಸಿಸಿಆರ್5 ಎಂಬ ಆ ಗ್ರಾಹಕವೇ ಎರಡನೆಯ ಅಗುಳಿಯೆಂದು ಸಾರಿದವು.

ಇದೇ ಹೊತ್ತಿನಲ್ಲಿ, ಸೋಂಕಿಗೆ ಮತ್ತೆ ಮತ್ತೆ ಒಡ್ಡಿಕೊಂಡಿದ್ದರೂ ಅದು ತಗಲದೆ ಉಳಿದ ಕೆಲವರು ತಾವಾಗಿ ಪ್ರಯೋಗಶಾಲೆಗಳ ಬಾಗಿಲಿಗೆ ಬಂದಿದ್ದರು. ನ್ಯೂಯಾರ್ಕಿನ ಚಿತ್ರಕಾರ ಸ್ಟೀಫನ್ ಕ್ರೋನ್ ಅವರಲ್ಲೊಬ್ಬರು. ತಮ್ಮ ಸಂಗಾತಿಯನ್ನು 1982ರಲ್ಲೇ ಕಳೆದುಕೊಂಡು, ಗೆಳೆಯರನ್ನು ಒಬ್ಬೊಬ್ಬರಾಗಿ ಕಳಿಸಿಕೊಟ್ಟು, ತಾವು ಏಕೆ ಉಳಿದೆವೆಂದು ಕೇಳಿಕೊಂಡು ಬಂದವರು ಅವರು. ಅವರ ಬಿಳಿ ಕಣಗಳ ಮೇಲೆ ವೈರಾಣುವನ್ನು ಎಷ್ಟು ಹೆಚ್ಚಿಸಿ ಸುರಿದರೂ ಸೋಂಕು ಹತ್ತಲಿಲ್ಲ. 1996ರ ಆಗಸ್ಟಿನಲ್ಲಿ ಕಾರಣ ತಿಳಿಯಿತು: ತಂದೆತಾಯಿಗಳಿಬ್ಬರಿಂದಲೂ ಅವರಿಗೆ ಬಂದ ಸಿಸಿಆರ್5 ಜೀನಿನಲ್ಲಿ 32 ಅಕ್ಷರಗಳು ಲೋಪವಾಗಿದ್ದವು, ಗ್ರಾಹಕವು ಕೋಶದ ಮೈಗೆ ಬರುತ್ತಲೇ ಇರಲಿಲ್ಲ. ಯೂರೋಪು ಮೂಲದವರಲ್ಲಿ ನೂರಕ್ಕೆ ಒಬ್ಬರಂತೆ ಇಂಥವರಿದ್ದಾರೆ. ಇಲಿಯ ಕೋಶ ಸೂಚಿಸಿದ್ದನ್ನು ಒಬ್ಬ ಮನುಷ್ಯ ತನ್ನ ದುಃಖದೊಡನೆ ಹೊತ್ತುತಂದು ದೃಢಪಡಿಸಿದನು.

ಮುಂದಿನ ಎರಡು ವರ್ಷಗಳಲ್ಲಿ ಚಿತ್ರ ಪೂರ್ಣವಾಯಿತು. ವೈರಾಣುವಿನ ಪೊರೆಯಲ್ಲಿ ಅಲ್ಲೊಂದು ಇಲ್ಲೊಂದು ನೆಟ್ಟಂತಿರುವ ಮುಳ್ಳುಗಳಲ್ಲಿ, ಹೊರಗಡೆ ಸಕ್ಕರೆಯ ಕಣಗಳನ್ನು ದಟ್ಟವಾಗಿ ಹೊದ್ದ ಜಿಪಿ120 ಎಂಬ ಪ್ರೋಟೀನು ಮೂರು, ಅವುಗಳ ಬುಡದಲ್ಲಿ ಜಿಪಿ41 ಎಂಬುದು ಮೂರು. ಕೊಲಂಬಿಯಾದ ವೇಯ್ನ್ ಹೆಂಡ್ರಿಕ್‌ಸನ್, ಪೀಟರ್ ಕ್ವಾಂಗ್ ಮತ್ತು ಜೊತೆಗಾರರು ಆ ಸಕ್ಕರೆಯನ್ನೂ ತೂಗಾಡುವ ಕುಣಿಕೆಗಳನ್ನೂ ಕತ್ತರಿಸಿ ತೆಗೆದು, ಉಳಿದ ಜಿಪಿ120ನ್ನು ಸಿಡಿ4ರೊಡನೆ ಹರಳುಗಟ್ಟಿಸಿ 1998ರಲ್ಲಿ ತೋರಿಸಿದಂತೆ, ಸಿಡಿ4ರ ತುದಿಯಿಂದ ಚಾಚಿದ ಒಂದೇ ಒಂದು ಅಮೈನೋ ಆಮ್ಲವು ಜಿಪಿ120ರ ಕುಳಿಯೊಂದರ ಬಾಯನ್ನು ಮುಚ್ಚುವಂತೆ ಕೂರುತ್ತದೆ. ಹಾಗೆ ಕೂತೊಡನೆ ಜಿಪಿ120 ಆಕಾರವನ್ನು ಬದಲಿಸಿ, ಅದುವರೆಗೆ ಮರೆಯಲ್ಲಿದ್ದ ಮೈಯನ್ನು ತೆರೆಯುತ್ತದೆ. ಆ ಮೈ ಸಿಸಿಆರ್5ನ್ನು ಹಿಡಿಯುತ್ತದೆ. ಆಗ ಜಿಪಿ41 ಕೆಳಗಿನಿಂದ ನೆಟ್ಟಗಾಗಿ ತನ್ನ ತುದಿಯನ್ನು ಕೋಶದ ಪೊರೆಗೆ ಚುಚ್ಚಿ, ಬಳಿಕ ಆರು ಸುರುಳಿಗಳ ಕಟ್ಟಾಗಿ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಆ ಮಡಚುವಿಕೆಯ ಬಲದಿಂದಲೇ ಎರಡು ಪೊರೆಗಳೂ ಹತ್ತಿರಕ್ಕೆಳೆಯಲ್ಪಟ್ಟು ಒಂದಾಗಿ, ವೈರಾಣುವಿನ ತಿರುಳು ಒಳಕ್ಕೆ ಜಾರುತ್ತದೆ. ಆರು ಸುರುಳಿಗಳ ಈ ರಚನೆಯನ್ನು 1997ರಲ್ಲಿ ಪೀಟರ್ ಕಿಮ್ ಅವರ ಗುಂಪೂ ಡಾನ್ ವೈಲಿಯವರ ಗುಂಪೂ ಬೇರೆಬೇರೆಯಾಗಿ ಕಂಡವು. ಮಡಚುವುದನ್ನು ತಡೆಯುವ ಎನ್‌ಫುವಿರ್ಟೈಡ್ 2003ರಲ್ಲಿಯೂ ಸಿಸಿಆರ್5ನ್ನು ಮುಚ್ಚುವ ಮ್ಯಾರವಿರಾಕ್ 2007ರಲ್ಲಿಯೂ ಔಷಧಗಳಾಗಿ ಬಂದವು.

ನಮ್ಮ ದೇಶದಲ್ಲಿ ಈ ಸೋಂಕನ್ನು ಮೊದಲು ಗುರುತಿಸಿದ್ದು 1986ರಲ್ಲಿ, ಮದರಾಸಿನಲ್ಲಿ, ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು. ಇಲ್ಲಿ ಬಹುವಾಗಿ ಹರಡಿರುವ, ವೈರಾಣುವಿನ ಸಿ ಎಂಬ ಉಪವರ್ಗ ಪ್ರಾಯಶಃ ಸಿಸಿಆರ್5ನ್ನೇ ಆಶ್ರಯಿಸುವಂಥದು. 32 ಅಕ್ಷರಗಳ ಲೋಪವಾದರೋ ನಮ್ಮವರಲ್ಲಿ ಬಲು ವಿರಳ. ಪ್ರಕೃತಿ ಕೆಲವರಿಗೆ ಕೊಟ್ಟ ರಕ್ಷಣೆಯನ್ನು ಇತರರಿಗೆ ಹಂಚಬಹುದೇ ಎಂಬ ಪ್ರಶ್ನೆಯನ್ನು ಬರ್ಲಿನ್ನಿನ ವೈದ್ಯ ಗೆರೊ ಹ್ಯೂಟರರು ಎತ್ತಿದರು. ರಕ್ತದ ಕ್ಯಾನ್ಸರಿನಿಂದಲೂ ಎಚ್‌ಐವಿ ಎಂಬ ಹೆಸರಿನ ಈ ವೈರಾಣುವಿನಿಂದಲೂ ನರಳುತ್ತಿದ್ದ ತಿಮೊಥಿ ರೇ ಬ್ರೌನರಿಗೆ 2007ರಲ್ಲಿ, ಸಿಸಿಆರ್5 ಇಲ್ಲದ ದಾನಿಯೊಬ್ಬನಿಂದ ತಂದ ಕಾಂಡಕೋಶಗಳನ್ನು ಅವರು ಕಸಿಮಾಡಿದರು. ಮರುವರ್ಷ ಇನ್ನೊಮ್ಮೆ ಮಾಡಬೇಕಾಯಿತು. ಬ್ರೌನರು 2020ರಲ್ಲಿ ಮರುಕಳಿಸಿದ ಕ್ಯಾನ್ಸರಿನಿಂದ ತೀರಿಕೊಂಡರು. ಎಚ್‌ಐವಿ ಅವರಲ್ಲಿ ಮರಳಿ ಬರಲಿಲ್ಲ. ಆದರೆ ಅದೇ ಜರ್ಮನಿಯ ಎಸ್ಸೆನ್ ನಗರದಿಂದ 2014ರಲ್ಲಿ ಬಂದ ವರದಿಯ ರೋಗಿಯಲ್ಲಿ, ಅಂಥದೇ ದಾನಿಯಿಂದ ಕಸಿಮಾಡಿದರೂ ವೈರಾಣು ಕೆಲವೇ ವಾರಗಳಲ್ಲಿ ಮತ್ತೆ ಕಾಣಿಸಿಕೊಂಡಿತು; ಪರೀಕ್ಷಿಸಿದಾಗ ಅದು ಸಿಸಿಆರ್5ನ್ನು ಬಿಟ್ಟು ಬರ್ಗರರ ಫ್ಯೂಸಿನ್ನನ್ನು ಹಿಡಿದುಕೊಂಡು ಹೊಕ್ಕಿತ್ತು.