ಅಹವಾಲಿನಿಂದ ಮತಕ್ಕೆ: ಪ್ರಜಾಪ್ರಭುತ್ವದ ಅಧ್ಯಯನ ಮತ್ತು ಕರ್ನಾಟಕ

ಒಂದು ನಾಡು ಯಾವಾಗ, ಯಾಕೆ ಪ್ರಜಾಪ್ರಭುತ್ವವಾಗುತ್ತದೆ? ರಾಜ್ಯಶಾಸ್ತ್ರ ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡಿದ್ದು ಎರಡನೇ ಮಹಾಯುದ್ಧದ ನಂತರ. ಆದಾಯ, ಶಿಕ್ಷಣ, ಕೈಗಾರಿಕೆ ಬೆಳೆದ ಕಡೆ ಪ್ರಜಾಪ್ರಭುತ್ವ ಬೇರೂರುವ ಸಂಭವ ಹೆಚ್ಚು ಎಂದು 1959ರಲ್ಲಿ ಸೀಮೋರ್ ಮಾರ್ಟಿನ್ ಲಿಪ್ಸೆಟ್ ಹೇಳಿದರು. ಬಡತನದಲ್ಲಿದ್ದ ಭಾರತ ಆ ಲೆಕ್ಕಕ್ಕೆ ಸಿಗಲಿಲ್ಲ. 1970ರಲ್ಲಿ ಡಂಕ್ವಾರ್ಟ್ ರಸ್ಟೊ ಸ್ವೀಡನ್ ಮತ್ತು ಟರ್ಕಿಯ ಚರಿತ್ರೆಯನ್ನಿಟ್ಟುಕೊಂಡು ಬೇರೆ ದಾರಿ ತೋರಿಸಿದರು: ಮೊದಲು ವರ್ಷಗಟ್ಟಲೆ ಜಗ್ಗಾಟ, ಆಮೇಲೆ ಒಂದು ರಾಜಿ, ಕಡೆಗೆ ಆ ರಾಜಿಗೆ ಎಲ್ಲರೂ ಒಗ್ಗಿಕೊಳ್ಳುವುದು. ಹಳೆ ಮೈಸೂರಿನ ಕಥೆ ಬಲ್ಲವರಿಗೆ ರಸ್ಟೊ ಮಾತೇ ಹೆಚ್ಚು ಹತ್ತಿರದ್ದು.

1881ರ ಅಕ್ಟೋಬರ್‌ನಲ್ಲಿ, ದಸರಾ ಹೊತ್ತಿಗೆ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಆಹ್ವಾನ ಹೋದದ್ದು ಹೆಚ್ಚಾಗಿ ಜಮೀನಿದ್ದವರಿಗೆ ಮತ್ತು ವರ್ತಕರಿಗೆ. ದಿವಾನರು ಸರ್ಕಾರದ ಆದಾಯ-ವೆಚ್ಚದ ವರದಿ ಓದುವರು. ಬಂದವರು ತಮ್ಮ ಸೀಮೆಯ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳಿಕೊಳ್ಳುವರು. ಉತ್ತರ ಕೇಳಿ ಊರಿಗೆ ಮರಳುವರು. ಕಾನೂನು ಮಾಡುವ ಅಧಿಕಾರವಿಲ್ಲ, ದಿವಾನರನ್ನು ಇಳಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಗಳು ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ಕೊಟ್ಟವು. ಆದರೂ ಆಳುವವರು ಸಭೆಗೆ ಉತ್ತರದಾಯಿಯಾಗಲಿಲ್ಲ. ಅದಕ್ಕೆ 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥದ ಗೋಲಿಬಾರು, 1947ರ 'ಮೈಸೂರು ಚಲೋ' ಚಳವಳಿ ಇಷ್ಟೂ ಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೂ ಜನ ಜೈಲಿಗೆ ಹೋಗಿ, ಆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ರಚನೆಯಾಯಿತು.

ಈ ಅವಧಿಯನ್ನು ವಿದ್ವಾಂಸರು ಮೊದಮೊದಲು ಅರಮನೆ ಮತ್ತು ದಿವಾನರ ಕಡೆಯಿಂದಲೇ ನೋಡಿದರು. ಆ ನೋಟವನ್ನು ಊರಿನತ್ತ ತಿರುಗಿಸಿದವರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮುಖ್ಯರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅವರು ಮಾಡಿದ ಕ್ಷೇತ್ರಕಾರ್ಯದಿಂದ 'ಪ್ರಬಲ ಜಾತಿ' ಎಂಬ ಪರಿಕಲ್ಪನೆ ಬೆಳೆಯಿತು. 'ವೋಟ್ ಬ್ಯಾಂಕ್' ಎಂಬ ಮಾತೂ ಅವರ ಬರವಣಿಗೆಯಿಂದಲೇ ಹಬ್ಬಿತು. ಅರಮನೆ ಮತ್ತು ಹಳ್ಳಿಯ ನಡುವಿನ ಕೊಂಡಿಯನ್ನು 1977ರಲ್ಲಿ ಹುಡುಕಿದವರು ಜೇಮ್ಸ್ ಮೇನರ್. ಊರಿನ ಗೌಡ-ಪಟೇಲರ ಲೋಕಕ್ಕೂ ಬೆಂಗಳೂರು-ಮೈಸೂರಿನ ರಾಜಕಾರಣಕ್ಕೂ ಇದ್ದ ಅಂತರ, 1917ರಿಂದ 1955ರವರೆಗೆ ಅದು ಕರಗಿದ ಬಗೆ ಅವರ ಪುಸ್ತಕದ ವಸ್ತು. ಮೈಸೂರಿನ ಪ್ರಜಾಪ್ರಭುತ್ವೀಕರಣದ ಬಗ್ಗೆ ಒಂದೇ ಪುಸ್ತಕ ಓದುವುದಾದರೆ ನಾನು ಸೂಚಿಸುವುದು ಇದನ್ನೇ.

1970ರ ದಶಕದ ಮಧ್ಯದಿಂದ ದಕ್ಷಿಣ ಯುರೋಪು, ಲ್ಯಾಟಿನ್ ಅಮೆರಿಕಗಳಲ್ಲಿ ಸರ್ವಾಧಿಕಾರಗಳು ಒಂದೊಂದಾಗಿ ಬಿದ್ದವು. ರಾಜ್ಯಶಾಸ್ತ್ರಜ್ಞ ಹಂಟಿಂಗ್ಟನ್ 1991ರಲ್ಲಿ ಅದನ್ನು 'ಮೂರನೇ ಅಲೆ' ಎಂದರು. ಅಧ್ಯಯನವೆಲ್ಲ ರಾಷ್ಟ್ರಗಳ ಸ್ಥಿತ್ಯಂತರದತ್ತ ಹರಿಯಿತು. ಇತ್ತ ಕರ್ನಾಟಕದಲ್ಲಿ ಏಳುತ್ತಿದ್ದ ಪ್ರಶ್ನೆ ಬೇರೆಯದು: ಚುನಾವಣೆ ಇದೆ, ಸರಿ, ಅಧಿಕಾರ ಯಾರ ಕೈಯಲ್ಲಿ? ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಭೂಸುಧಾರಣೆ ಮತ್ತು ಹಿಂದುಳಿದ ವರ್ಗಗಳ ಕುರಿತ 1975ರ ಹಾವನೂರು ವರದಿ ಅದಕ್ಕೊಂದು ಉತ್ತರ. ಮಂತ್ರಿ ಅಬ್ದುಲ್ ನಜೀರ್ ಸಾಬ್ ಕಟ್ಟಿದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ಇನ್ನೊಂದು. ಅವುಗಳಿಗೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಕಾಲು ಭಾಗ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿತ್ತು. ಪಂಚಾಯಿತಿಗಳ ಕುರಿತ ಸಂವಿಧಾನದ 73ನೇ ತಿದ್ದುಪಡಿ ಇನ್ನೂ ಹುಟ್ಟಿರಲಿಲ್ಲ. ರಿಚರ್ಡ್ ಕ್ರುಕ್ ಮತ್ತು ಮೇನರ್ 1998ರ ಪುಸ್ತಕದಲ್ಲಿ ಈ ಪ್ರಯೋಗವನ್ನು ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್‌ಗಳ ಜೊತೆಗಿಟ್ಟು ನೋಡಿದರು. ನಾಲ್ಕರಲ್ಲಿ ಕರ್ನಾಟಕದ್ದೇ ಮೇಲು ಎಂದರು. ತೀರಾ ಬಡವರಿಗೆ ಮಾತ್ರ ಅದರ ಫಲ ಅಷ್ಟಾಗಿ ತಲುಪಿರಲಿಲ್ಲ.

ಈಗ ಅಳತೆಯ ಕಾಲ. ಸ್ವೀಡನ್ನಿನ ವಿ-ಡೆಮ್ ಸಂಸ್ಥೆ ದೇಶದೇಶಗಳ ಪ್ರಜಾಪ್ರಭುತ್ವಕ್ಕೆ ಅಂಕ ಕೊಡುತ್ತದೆ. 2021ರಲ್ಲಿ ಭಾರತವನ್ನು 'ಚುನಾವಣಾ ನಿರಂಕುಶತೆ' ಎಂದಾಗ ದೊಡ್ಡ ವಾಗ್ವಾದವೇ ನಡೆಯಿತು. ಆ ವಾದ ಅಗತ್ಯವೇ. ಆದರೆ ದೇಶಕ್ಕೆಲ್ಲ ಸೇರಿ ಬರುವ ಅಂಕದಲ್ಲಿ ಬೆಂಗಳೂರಿನ ಉತ್ತರ ಅಂಚಿನ ಯಲಹಂಕ ಕಾಣುವುದಿಲ್ಲ. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿಗಳಿಗೆ ತಮ್ಮದೇ ನಗರಸಭೆಗಳಿದ್ದವು. 2007ರಲ್ಲಿ ಅವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ (ಬಿಬಿಎಂಪಿ) ಲೀನವಾದವು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ, ಮತ್ತೆ 2015ರಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅವಧಿ ತೀರುವ ಮುನ್ನವೇ ಚುನಾವಣೆ ಮುಗಿಸಬೇಕೆಂದು ಸಂವಿಧಾನ ಸ್ಪಷ್ಟವಾಗಿ ಹೇಳಿದ್ದರೂ ಆಡಳಿತಾಧಿಕಾರಿಗಳ ಆಳ್ವಿಕೆ ಬಂತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಬೆಂಗಳೂರು ಉತ್ತರ ಅವುಗಳಲ್ಲೊಂದು. ಆ ವರ್ಷ ಮುಗಿದರೂ ಕಾರ್ಪೊರೇಟರುಗಳ ಚುನಾವಣೆ ನಡೆಯಲಿಲ್ಲ.

ಇದರ ಅರ್ಥ ಬೀದಿಯಲ್ಲಿ ತಿಳಿಯುತ್ತದೆ. ಹೆಬ್ಬಾಳದ ತಗ್ಗಿನಲ್ಲಿ ಮಳೆನೀರು ನಿಂತರೆ, ಆರ್.ಟಿ. ನಗರದ ಅಡ್ಡರಸ್ತೆಯಲ್ಲಿ ಮೋರಿ ಕಟ್ಟಿಕೊಂಡರೆ ಜನ ಎಂಜಿನಿಯರ್ ಕಚೇರಿಗೆ ಮನವಿ ಕೊಡುತ್ತಾರೆ, ಎಂಎಲ್‌ಎ ಮನೆಗೆ ಹೋಗುತ್ತಾರೆ. ಕೆಲಸ ಆಗಲೂಬಹುದು. ಆಗದಿದ್ದರೆ, ಚುನಾಯಿತರಿಲ್ಲದ ವಾರ್ಡಿನಲ್ಲಿ ಸೋಲಿಸುವುದಕ್ಕೆ ಯಾರೂ ಇರುವುದಿಲ್ಲ. 1881ರ ಸಭೆಗೆ ಹೋದ ರೈತನ ಕೈಯಲ್ಲಿದ್ದದ್ದೂ ಅಹವಾಲು ಮಾತ್ರ.

ಹಳ್ಳಿಯ ಪ್ರಜಾಪ್ರಭುತ್ವದ ಬಗ್ಗೆ ನಮ್ಮಲ್ಲಿ ಒಳ್ಳೆಯ ಅಧ್ಯಯನಗಳಿವೆ, ರಾಜ್ಯದ ಬಗ್ಗೆಯೂ ಇವೆ. ಚುನಾಯಿತರಿಲ್ಲದೆ ಒಂದು ಮಹಾನಗರವನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಆಳಿದ್ದು ಹೇಗೆ, ಯಾರ ಮಾತು ನಡೆಯಿತು, ಯಾರ ಮೋರಿ ಮೊದಲು ರಿಪೇರಿಯಾಯಿತು ಎಂಬುದನ್ನು ವಾರ್ಡ್ ವಾರ್ಡಿನಲ್ಲಿ ಕೂತು ಬರೆಯಬೇಕಾಗಿದೆ. ನಮ್ಮ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ ವಿದ್ಯಾರ್ಥಿಗಳು ಈ ಕೆಲಸ ಕೈಗೆತ್ತಿಕೊಳ್ಳಲಿ, ಕನ್ನಡದಲ್ಲೇ ಬರೆಯಲಿ.