ಹನ್ನೆರಡು ಬೀದಿಯಿಂದ ಬತ್ತೇರಿಗೆ: ಹೆಸರಲ್ಲಿ ಉಳಿದ ಯುದ್ಧ

ನಾನು ವಯನಾಡಿನ ಕನ್ನಡ ಮನೆಯವನು. ಕಳೆದ ರಜೆಯಲ್ಲಿ ಗದ್ದೆ ಬದು, ಕಾಫಿ ತೋಟ ದಾಟಿ ಸುಲ್ತಾನ್ ಬತ್ತೇರಿಯ ಜೈನ ಬಸದಿವರೆಗೆ ನಡೆದೆ. ಹಳೆಯ ಯುದ್ಧದ ಕುರುಹು ಏನಾದರೂ ಉಳಿದಿದೆಯಾ ಅಂತ ನೋಡೋ ಆಸೆ. ಹೊರಡುವಾಗ ಅಜ್ಜಿ ಕೇಳಿದ್ರು: "ಹನ್ನೆರಡು ಬೀದಿಗೆ ಹೋಗ್ತೀಯಾ ಮಗಾ?" ನನ್ನ ಈ ಪ್ರಬಂಧ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಬಸದಿಯ ಗೋಡೆ, ಕಂಬ, ಚಾವಣಿ ಎಲ್ಲವೂ ಕಲ್ಲು. ಬಾಗಿಲವಾಡದ ಮೇಲೆ ತೀರ್ಥಂಕರರ ಕೆತ್ತನೆ ಇದೆ, ಗರ್ಭಗುಡಿ ಖಾಲಿ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಸೈನ್ಯ ಇದನ್ನು ಮದ್ದುಗುಂಡಿನ ಉಗ್ರಾಣ ಮಾಡಿಕೊಂಡಿತ್ತು. ಮೈಸೂರಿನಿಂದ ಮಲಬಾರಿಗೆ ಇಳಿಯುವ ದಾರಿ, ಮೇಲೆ ಕಲ್ಲಿನ ಚಾವಣಿ: ಮದ್ದಿಡಲು ಇದು ಯಾಕೆ ಸರಿಹೋಯಿತು ಅಂತ ಒಳಗೆ ನಿಂತರೆ ಊಹಿಸಬಹುದು. ಇಂಗ್ಲಿಷರು 'ಸುಲ್ತಾನ್ಸ್ ಬ್ಯಾಟರಿ' ಅಂದರು, ಜನರ ಬಾಯಲ್ಲಿ ಅದು ಬತ್ತೇರಿ ಆಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಸುಲ್ತಾನನೂ ಹೋದ, ಮದ್ದೂ ಹೋಯಿತು. ಹೆಸರು ಮಾತ್ರ ಊರಿಗೆ ಅಂಟಿಕೊಂಡಿತು.

ಮಂಗಳೂರಿನ ಬೋಳೂರಿನಲ್ಲೂ ಒಂದು ಸುಲ್ತಾನ್ ಬತ್ತೇರಿ ಇದೆ. ಆದರೆ ಅಲ್ಲಿರೋದು ಹೊಳೆ ಕಾಯಲು ಟಿಪ್ಪುವೇ ಕಟ್ಟಿಸಿದ ಕಾವಲು ಬುರುಜು. ಅಲ್ಲಿ ಕಟ್ಟಡವೇ ಯುದ್ಧದ್ದು. ನಮ್ಮಲ್ಲಿ ಹಾಗಲ್ಲ. ಯುದ್ಧಕ್ಕಿಂತ ಎಷ್ಟೋ ಹಳೆಯದಾದ, ಕನ್ನಡ ನಾಡಿನಿಂದ ಬಂದ ಜೈನರ ನೆನಪು ಹೊತ್ತ ಕಟ್ಟಡಕ್ಕೆ ಯುದ್ಧ ಕೆಲವೇ ವರ್ಷದ ಬಾಡಿಗೆದಾರ. ಹೆಸರು ಉಳಿದಿದ್ದು ಬಾಡಿಗೆದಾರನದು!

ಇಲ್ಲಿ ಒಂದು ಎಚ್ಚರ ಬೇಕು. ಬಸದಿಯನ್ನು ಉಗ್ರಾಣ ಮಾಡಿದ್ದು ಬೇರೆ, ಕೆಡವಿದ್ದು ಬೇರೆ. ಎರಡನೆಯದನ್ನು ಮೊದಲನೆಯದರಿಂದ ಸಾಧಿಸಲಾಗದು. ಕಟ್ಟಡ ಇವತ್ತಿಗೂ ನಿಂತಿದೆ; ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ.

2024ರ ಲೋಕಸಭಾ ಚುನಾವಣೆ ಹೊತ್ತಿಗೆ ಊರಿಗೆ ಮತ್ತೆ 'ಗಣಪತಿವಟ್ಟಂ' ಅನ್ನೋ ಹಳೆಯ ಹೆಸರಿಡಬೇಕು ಅನ್ನುವ ಮಾತು ಎದ್ದಿತು. ಬೇಕು, ಬೇಡ ಅಂತ ಎರಡೂ ಕಡೆ ಜೋರು ವಾದ. ನಾನು ಕೇಳಿದ ಯಾವ ಚರ್ಚೆಯಲ್ಲೂ 'ಹನ್ನೆರಡು ಬೀದಿ' ಬರಲಿಲ್ಲ. ಬೋರ್ಡ್ ಬದಲಿಸಿ ಅನ್ನೋದು ನನ್ನ ವಾದ ಅಲ್ಲ. ಬತ್ತೇರಿಯೂ ಈಗ ಚರಿತ್ರೆಯೇ. ಆದರೆ ಮೂರನೆಯ ಹೆಸರೊಂದು ಇತ್ತು ಅನ್ನೋದು ದಾಖಲಾಗಬೇಕು.

ಆ ದಿನ ನನಗೆ ಗುಂಡು, ತುಪಾಕಿ ಏನೂ ಸಿಗಲಿಲ್ಲ. ಸಂಜೆ ಮನೆಗೆ ಬಂದು, ಫೋನಿನ ರೆಕಾರ್ಡರ್ ಒತ್ತಿ, "ಅಜ್ಜಿ, ಆ ಊರಿನ ಹೆಸರು ಇನ್ನೊಂದ್ಸಲ ಹೇಳಿ" ಅಂದೆ. ನಮ್ಮ ಮನೆಯಲ್ಲಿ ಆ ಹೆಸರು ಬಳಸೋರು ಈಗ ಅವರೊಬ್ಬರೇ.